ಇಕ್ಸೋರಾ ಗಿಡದ ಎಲೆ ಹಳದಿಯಾಗಿದೆ, ಹೂವೂ ನಿಂತಿದೆ. ಕಿತ್ತು ಬಿಸಾಡಲೇ?

ಬಿಸಾಡಬೇಡಿ. ಉತ್ತರದ ಮುಕ್ಕಾಲು ಪಾಲು ನಿಮ್ಮ ಪ್ರಶ್ನೆಯಲ್ಲೇ ಇದೆ. ಬೆಂಗಳೂರಿನ ಅಪಾರ್ಟ್‌ಮೆಂಟು, 12 ಇಂಚಿನ ಕುಂಡ, ಎರಡು ವರ್ಷದಿಂದ ಬೋರ್‌ವೆಲ್ ನೀರು, ಅದು ಸಾಲದ್ದಕ್ಕೆ ವಾರಕ್ಕೊಮ್ಮೆ ಮೊಟ್ಟೆ ಸಿಪ್ಪೆಯ ಪುಡಿ. ಹೊಸ ಚಿಗುರೆಲ್ಲ ಹಳದಿ, ನರ ಮಾತ್ರ ಹಸಿರು. ಎಪ್ಸಮ್ ಸಾಲ್ಟ್ ಹಾಕಿದರೂ ಏನೂ ಆಗಲಿಲ್ಲ ಅಂದಿದ್ದೀರಿ. ಗಿಡಕ್ಕೆ ರೋಗ ಬಂದಿಲ್ಲ, ಹಸಿದೂ ಇಲ್ಲ. ಅದಕ್ಕೆ ಸುಣ್ಣ ಹೆಚ್ಚಾಗಿದೆ.

ನಾನು ಪುತ್ತೂರಿನ ಕಡೆಯವಳು. ನರ್ಸರಿಯವರು ಇಕ್ಸೋರಾ ಎಂದು ಮಾರುವ ಗಿಡ ನಮ್ಮಲ್ಲಿ ಕೇಪಳ. ಕುಂದಾಪುರದ ನಮ್ಮತ್ತೆಗೆ ಅದೇ ಕಿಸ್ಕಾರ, ಇನ್ನು ಕೆಲವರಿಗೆ ಗುಡ್ಡೆದಾಸವಾಳ. ಹೆಸರಿನಲ್ಲೇ ಗುಡ್ಡೆ ಇದೆ ನೋಡಿ. ಮನೆಯ ಹಿಂದಿನ ಮುರಕಲ್ಲಿನ ಗುಡ್ಡೆಯಲ್ಲಿ ಯಾರೂ ನೆಡದೆ, ಯಾರೂ ನೀರು ಹಾಕದೆ, ಆಡು ದನ ಕಡಿದದ್ದನ್ನೂ ಸಹಿಸಿಕೊಂಡು ಕೆಂಪಗೆ ಹೂ ಬಿಡುತ್ತಿತ್ತು. ಶಾಲೆಯಿಂದ ಬರುವಾಗ ಒಂದೊಂದೇ ಹೂ ಕಿತ್ತು, ನಡುವಿನ ನೂಲಿನಂಥ ಎಳೆಯನ್ನು ಮೆಲ್ಲ ಹಿಂದಿನಿಂದ ಎಳೆದರೆ ತುದಿಯಲ್ಲಿ ಒಂದು ಹನಿ ಜೇನು ಬರುತ್ತಿತ್ತು. ಅದನ್ನು ಚೀಪುತ್ತಾ ಮನೆ ಸೇರುವಷ್ಟರಲ್ಲಿ ಗಂಟೆ ಐದೂವರೆ. ಇಂಥ ಗಟ್ಟಿ ಗಿಡ ಬೆಂಗಳೂರಿನ ಬಾಲ್ಕನಿಯಲ್ಲಿ ಆರೈಕೆ ಸಿಕ್ಕಿಯೂ ಕಳೆಗುಂದುವುದು ಏಕೆಂದು ನನಗೂ ಬಹಳ ದಿನ ಗೊತ್ತಾಗಿರಲಿಲ್ಲ.

ಕಾರಣ ಮಣ್ಣು. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ 3500 ಮಿಲಿಮೀಟರಿಗೂ ಮೇಲೆ ಮಳೆ ಸುರಿಯುತ್ತದೆ. ಅಷ್ಟು ನೀರು ಮಣ್ಣಿನ ಸುಣ್ಣದಂಶವನ್ನೆಲ್ಲ ತೊಳೆದುಕೊಂಡು ಹೋಗಿ, ಕಬ್ಬಿಣ ತುಂಬಿದ ಹುಳಿಮಣ್ಣು ಉಳಿಯುತ್ತದೆ. ಕೇಪಳ ಹುಟ್ಟಿ ಬೆಳೆದದ್ದು ಅಂಥದರಲ್ಲಿ. ಮಣ್ಣಿನ ಹುಳಿ ಅಳೆಯುವ ಪಿಎಚ್ (ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 5ರಿಂದ 6ರ ಒಳಗಿದ್ದರೆ ಅದಕ್ಕೆ ಹಿತ. 7 ದಾಟಿತೋ, ಮಣ್ಣಿನಲ್ಲಿ ಕಬ್ಬಿಣ ಎಷ್ಟೇ ಇರಲಿ ಕರಗದ ರೂಪಕ್ಕೆ ಹೋಗಿ ಕೂರುತ್ತದೆ, ಬೇರಿಗೆ ಸಿಗುವುದಿಲ್ಲ. ಕಬ್ಬಿಣವಿಲ್ಲದೆ ಎಲೆಯಲ್ಲಿ ಹಸಿರು ತಯಾರಾಗುವುದಿಲ್ಲ. ಕುಂಡದಲ್ಲಿ ತುಕ್ಕು ಹಿಡಿದ ಮೊಳೆ ಹುಗಿಯಿರಿ ಎಂದು ಯಾರಾದರೂ ಹೇಳಿದರೆ ನಕ್ಕು ಸುಮ್ಮನಿರಿ. ಕಬ್ಬಿಣ ಆಗಲೇ ಮಣ್ಣಿನಲ್ಲಿದೆ, ಬೀಗ ಬಿದ್ದಿದೆ ಅಷ್ಟೆ.

ಎಪ್ಸಮ್ ಸಾಲ್ಟ್ ಏಕೆ ಕೆಲಸ ಮಾಡಲಿಲ್ಲ ಎಂದು ಕೇಳಿದ್ದೀರಿ. ಅದರಲ್ಲಿರುವುದು ಮೆಗ್ನೀಸಿಯಂ. ಮೆಗ್ನೀಸಿಯಂ ಕಡಿಮೆಯಾದರೆ ಗಿಡ ಹಳೆಯ ಎಲೆಯಿಂದ ಕಿತ್ತು ಹೊಸ ಚಿಗುರಿಗೆ ಕೊಡುತ್ತದೆ, ಹಾಗಾಗಿ ಕೆಳಗಿನ ಎಲೆಗಳು ಮೊದಲು ಹಳದಿಯಾಗುತ್ತವೆ. ಕಬ್ಬಿಣವನ್ನು ಹಾಗೆ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಲು ಗಿಡಕ್ಕೆ ಬರುವುದಿಲ್ಲ. ಅದು ಕಡಿಮೆಯಾದರೆ ಹೊಡೆತ ತುದಿಯ ಚಿಗುರಿಗೆ. ನಿಮ್ಮ ಗಿಡದ ಬುಡದ ಎಲೆ ಇನ್ನೂ ಕಡು ಹಸಿರಾಗಿದೆ, ತುದಿ ಮಾತ್ರ ಬೆಳ್ಳಗಾಗುತ್ತಿದೆ ಎಂದಿರಲ್ಲ, ಅಲ್ಲಿಗೆ ಉತ್ತರ ಸಿಕ್ಕಿತು, ಸಿಗದಿರುವುದು ಕಬ್ಬಿಣ. ಮುಂದೆ ಬೇರೆ ಗಿಡ ಹಳದಿಯಾದಾಗಲೂ ಮೊದಲು ಮೇಲಿನ ಎಲೆಯೋ ಕೆಳಗಿನದೋ ನೋಡಿ, ಆಮೇಲೆ ಅಂಗಡಿಗೆ ಹೋಗಿ.

ಅನುಮಾನ ಇದ್ದರೆ ಮನೆಯಲ್ಲೇ ನೋಡಬಹುದು. ಕುಂಡದ ಮೇಲ್ಮಣ್ಣನ್ನು ಒಂದು ಚಮಚ ತೆಗೆದು ಬಸಿಯಲ್ಲಿ ಒಣಗಿಸಿ, ನಾಲ್ಕು ಹನಿ ವಿನೆಗರ್ ಬಿಟ್ಟು ಕಿವಿ ಹತ್ತಿರ ತನ್ನಿ. ಸುರ್ರೆಂದು ನೊರೆ ಬಂದರೆ ಅದರಲ್ಲಿ ಸುಣ್ಣವಿದೆ. ಮೊಟ್ಟೆ ಸಿಪ್ಪೆಯೂ ಅದೇ ಕ್ಯಾಲ್ಸಿಯಂ ಕಾರ್ಬೊನೇಟು. ಟೊಮೆಟೊ ಗಿಡಕ್ಕೆ ಹಾಕಿಕೊಳ್ಳಿ, ಕೇಪಳಕ್ಕೆ ಬೇಡ. ಒಲೆಯ ಬೂದಿಯೂ ಬೇಡ. ಅದು ಮಣ್ಣಿನ ಹುಳಿಯನ್ನು ಇನ್ನೂ ಬೇಗ ಮುರಿಯುತ್ತದೆ.

ನನ್ನದೇ ಒಂದು ಪೆದ್ದುತನ ಹೇಳುತ್ತೇನೆ. ಬೆಂಗಳೂರಿಗೆ ಬಂದ ಹೊಸತರಲ್ಲಿ, ಬಾಡಿಗೆ ಮನೆಯ ಅಂಗಳದಲ್ಲಿ ಊರಿಂದ ತಂದ ಎರಡು ಕೇಪಳ ನೆಟ್ಟೆ. ಒಂದು ಕಾಂಪೌಂಡ್ ಗೋಡೆಗೆ ಒತ್ತಿಕೊಂಡು, ಇನ್ನೊಂದು ಹತ್ತು ಅಡಿ ಈಚೆ ತುಳಸಿಕಟ್ಟೆಯ ಹತ್ತಿರ. ಗೋಡೆಯ ಪಕ್ಕದ್ದು ಆರೇ ತಿಂಗಳಿಗೆ ಹಳದಿಯಾಯಿತು. ಹತ್ತಿರದ ನರ್ಸರಿಯವನು ಎಲೆ ನೋಡಿಯೂ ನೋಡದೆ ಡಿಎಪಿ ಗೊಬ್ಬರ ಕೊಟ್ಟ, ಯಾವುದೋ ಟಾನಿಕ್ಕನ್ನೂ ಕೊಟ್ಟ. ಡಿಎಪಿಯ ರಂಜಕ ಜಾಸ್ತಿಯಾದರೆ ಕಬ್ಬಿಣ ಸಿಗುವುದು ಇನ್ನೂ ಕಷ್ಟ ಎಂದು ಆಗ ನನಗೇನು ಗೊತ್ತು? ಮತ್ತಷ್ಟು ಬಿಳಿಚಿತು. ಒಂದು ದಿನ ಬಟ್ಟೆ ಒಣಹಾಕುವಾಗ ಎರಡೂ ಗಿಡ ಒಟ್ಟಿಗೆ ಕಣ್ಣಿಗೆ ಬಿದ್ದವು. ಅದೇ ಮಣ್ಣು, ಅದೇ ನೀರು, ಅದೇ ತಾಯಿಗಿಡದ ಕಡ್ಡಿಗಳು. ಈಚಿನದು ಹಸಿರು. ಗೋಡೆಯ ಬುಡ ಕೆದರಿದೆ, ಗಾರೆಯ ಚೂರು, ಸಿಮೆಂಟಿನ ಹೆಂಟೆ, ಕೈತುಂಬಾ ಸಿಕ್ಕಿತು. ಕಟ್ಟಡ ಕಟ್ಟಿದವರು ಉಳಿದದ್ದನ್ನೆಲ್ಲ ಅಲ್ಲೇ ಮುಚ್ಚಿ ಹೋಗಿದ್ದರು. ಬೆಂಗಳೂರಿನ ಕೆಂಪುಮಣ್ಣು ಕೇಪಳಕ್ಕೆ ಶತ್ರುವಲ್ಲ. ಅದರೊಳಗೆ ನಾವು ಹೂತದ್ದು ಶತ್ರು.

ನಿಮ್ಮಲ್ಲಿ ಗೋಡೆಯಿಲ್ಲ, ನೀರಿದೆ. ಬಕೆಟ್ಟಿನ ಅಂಚಿನಲ್ಲಿ ಬಿಳಿ ಗೆರೆ ಕಟ್ಟಿದೆಯಾ? ಗೀಸರ್ ಕಾಯಿಲ್ ಮೇಲೆ ಪದರ ಕಟ್ಟುತ್ತದಾ? ಅದೇ ಪದರ ದಿನಕ್ಕೊಂದು ಚೊಂಬಿನಂತೆ ಕುಂಡದೊಳಗೂ ಕಟ್ಟುತ್ತಾ ಬಂದಿದೆ. ಅಪಾರ್ಟ್‌ಮೆಂಟಿನಲ್ಲಿ ಸಾಫ್ಟ್‌ನರ್ ಇದ್ದರೆ ಅದು ಕ್ಯಾಲ್ಸಿಯಂ ತೆಗೆದು ಸೋಡಿಯಂ ಬಿಡುತ್ತದೆ, ಮಣ್ಣಿನ ಹುಳಿ ಮುರಿಯುವ ಬೈಕಾರ್ಬೊನೇಟ್ ಹಾಗೇ ಉಳಿಯುತ್ತದೆ. ನಲ್ಲಿ ಹೊಳೆಯುತ್ತದೆ, ಗಿಡ ಸೊರಗುತ್ತದೆ. ಆರ್‌ಓ ಯಂತ್ರ ಹೊರಬಿಡುವ ನೀರನ್ನು ವ್ಯರ್ಥ ಮಾಡಬಾರದೆಂದು ಗಿಡಕ್ಕೆ ಸುರಿಯುವವರು ಬಹಳ. ನೀರು ಉಳಿಸುವ ಮನಸ್ಸು ಒಳ್ಳೆಯದು, ಆದರೆ ಅದರಲ್ಲಿ ಲವಣ ಇನ್ನೂ ದಟ್ಟವಾಗಿರುತ್ತದೆ. ನೆಲ ಒರೆಸಿ, ಟಾಯ್ಲೆಟ್ಟಿಗೆ ಹಾಕಿ. ಕೇಪಳಕ್ಕೆ ಮಳೆನೀರು ಅಮೃತ. ಬಾಲ್ಕನಿಯ ಅಂಚಿಗೆ ಎರಡು ಬಕೆಟ್ ಇಟ್ಟರೂ ಮೇ ತಿಂಗಳಿಂದ ಅಕ್ಟೋಬರ್ ತನಕ ಒಂದು ಕುಂಡಕ್ಕೆ ಸಾಕು. ಏಸಿ ಇದ್ದರೆ ಪೈಪಿನಿಂದ ತೊಟ್ಟಿಕ್ಕುವ ನೀರೂ ಆಗುತ್ತದೆ, ಅದರಲ್ಲಿ ಲವಣ ಇಲ್ಲವೆನ್ನುವಷ್ಟು ಕಡಿಮೆ. ಕಾವೇರಿ ನೀರು ಬರುವ ದಿನ ಹಿಡಿದಿಟ್ಟುಕೊಳ್ಳಿ, ಬೋರ್ ನೀರಿಗಿಂತ ಎಷ್ಟೋ ವಾಸಿ.

ಈಗ ಕುಂಡ. ಮಣ್ಣು ಬದಲಿಸಲೇಬೇಕು. ಎರಡು ಪಾಲು ಕೆಂಪುಮಣ್ಣು, ಒಂದು ಪಾಲು ತೊಳೆದ ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ತರಗೆಲೆ ಗೊಬ್ಬರ. ಕೊಕೊಪೀಟನ್ನು ತೊಳೆಯಿರಿ ಎಂದು ಸುಮ್ಮನೆ ಹೇಳಲಿಲ್ಲ, ಅದರಲ್ಲಿ ಉಪ್ಪಿನಂಶ ಇರುತ್ತದೆ. ಈ ಮಿಶ್ರಣಕ್ಕೆ ಒಂದು ಚಿಕ್ಕ ಚಮಚ ಗಂಧಕದ ಪುಡಿ ಸೇರಿಸಿ. ಮಣ್ಣಿನ ಬ್ಯಾಕ್ಟೀರಿಯಾಗಳು ಅದನ್ನು ನಿಧಾನಕ್ಕೆ ಹುಳಿಯಾಗಿಸುತ್ತವೆ, ಎರಡು ಮೂರು ತಿಂಗಳು ಬೇಕು, ಅವಸರಕ್ಕೆ ಇನ್ನೊಂದು ಚಮಚ ಸುರಿಯಬೇಡಿ. ಗಿಡ ಹೊರತೆಗೆದಾಗ ಬೇರಿನ ಉಂಡೆಯನ್ನು ಪೂರ್ತಿ ಬಿಡಿಸಲು ಹೋಗಬೇಡಿ, ಕೇಪಳಕ್ಕೆ ಬೇರು ಮುಟ್ಟಿದರೆ ಮುನಿಸು. ಹೊರಗಿನ ಒಂದೆರಡು ಅಂಗುಲ ಹಳೆಮಣ್ಣು ಕೆರೆದು ತೆಗೆದರೆ ಸಾಕು. ಇದನ್ನು ಜೂನ್‌ನಲ್ಲಿ, ಮೋಡ ಇರುವ ದಿನ ಮಾಡಿ.

ಮಣ್ಣು ಸರಿಹೋಗುವ ತನಕ ಗಿಡಕ್ಕೆ ತಡೆಯಲಾಗದು, ಅದಕ್ಕೆ ಎಲೆಯ ಮೇಲಿಂದಲೇ ಕಬ್ಬಿಣ ಕೊಡಬೇಕು. ಅಡಿಕೆ ತೋಟದವರನ್ನು ಕೇಳಿದರೆ ಅನ್ನಭೇದಿ ಎನ್ನುತ್ತಾರೆ, ಫೆರಸ್ ಸಲ್ಫೇಟ್. ಲೀಟರ್ ನೀರಿಗೆ 2 ಗ್ರಾಂ, ಅದೂ ಮಳೆನೀರಿಗೆ, ಬಿಸಿಲು ಇಳಿದ ಮೇಲೆ, ಹತ್ತು ದಿನಕ್ಕೊಮ್ಮೆ ಮೂರು ಸಲ. ಕೆಳಗೆ ಹಳೆ ಪೇಪರ್ ಹಾಸಿಕೊಳ್ಳಿ. ನಾನು ಹಾಸದೆ ಸಿಂಪಡಿಸಿ ಬಾಲ್ಕನಿಯ ಟೈಲ್ಸ್ ಮೇಲೆ ತುಕ್ಕಿನ ಕಲೆ ಮಾಡಿಕೊಂಡೆ, ಮನೆ ಬಿಡುವಾಗ ಅಡ್ವಾನ್ಸ್‌ನಲ್ಲಿ ಅದಕ್ಕೂ ಮುರಿದುಕೊಂಡರು. ಕುಂಡಕ್ಕೆ ಹಾಕುವುದಾದರೆ ಚೀಲೇಟೆಡ್ ಕಬ್ಬಿಣ ಕೊಳ್ಳಿ, ಅಂದರೆ ಮಣ್ಣಿನಲ್ಲಿ ಬೀಗ ಬೀಳದಂತೆ ಇನ್ನೊಂದು ವಸ್ತು ಹಿಡಿದಿಟ್ಟುಕೊಂಡ ಕಬ್ಬಿಣ. ಹಿಡಿದಿಡುವ ಆ ವಸ್ತುವಿನ ಹೆಸರು ಪೊಟ್ಟಣದ ಮೇಲೆ ಇಡಿಡಿಎಚ್‌ಎ ಎಂದಿರಲಿ. ಇಡಿಟಿಎ ಅಗ್ಗ, ಆದರೆ ಸುಣ್ಣದ ಮಣ್ಣಿನಲ್ಲಿ ಹೆಚ್ಚು ದಿನ ನಿಲ್ಲುವುದಿಲ್ಲ. ಮುಂದೆ ಬರುವ ಚಿಗುರು ಹಸಿರಾಗಿದ್ದರೆ ಗೆದ್ದಿರಿ, ಈಗಾಗಲೇ ಬೆಳ್ಳಗಾದ ಎಲೆಗಳ ಮೇಲೆ ತುಂಬ ಆಸೆ ಇಟ್ಟುಕೊಳ್ಳಬೇಡಿ. ಕಾಫಿ ಚರಟ ಹಾಕಬಹುದಾ ಎಂದು ಕೊನೆಯಲ್ಲಿ ಕೇಳಿದ್ದೀರಿ. ಕೇಪಳವೂ ಕಾಫಿಯೂ ಒಂದೇ ಕುಟುಂಬದವು ಎನ್ನುವುದು ನಿಜ, ಆದರೆ ಡಿಕಾಕ್ಷನ್ ಇಳಿಸಿದ ಮೇಲೆ ಚರಟದಲ್ಲಿ ಹುಳಿ ಅಷ್ಟೇನೂ ಉಳಿದಿರುವುದಿಲ್ಲ. ಕಾಂಪೋಸ್ಟಿಗೆ ಹಾಕಿ.

ಹೂವಿನ ಮಾತು ಬೇರೆ. ಎಲೆ ಹಸಿರಾದ ಮಾತ್ರಕ್ಕೆ ಹೂ ಬರುವುದಿಲ್ಲ, ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು. ಪಶ್ಚಿಮದ ಬಾಲ್ಕನಿ ಎಂದಿದ್ದೀರಿ, ಆದೀತು. ಕೇಪಳದ ಗೊಂಚಲು ಬರುವುದು ರೆಂಬೆಯ ತುದಿಯಲ್ಲೇ. ಅಂದಕ್ಕೆಂದು ತಿಂಗಳಿಗೊಮ್ಮೆ ಕತ್ತರಿ ಆಡಿಸಿದರೆ ಪ್ರತಿಸಲ ಹೂವನ್ನೇ ಕತ್ತರಿಸಿ ಎಸೆದಂತೆ. ಗೊಂಚಲು ಪೂರ್ತಿ ಉದುರಿದ ಮೇಲೆ ಅದರ ಕೆಳಗಿನ ಒಂದು ಜೊತೆ ಎಲೆ ಸೇರಿಸಿ ಕತ್ತರಿಸಿ. ಅಲ್ಲಿಂದ ಎರಡು ಚಿಗುರು ಒಡೆಯುತ್ತವೆ, ಎರಡು ಗೊಂಚಲು ಸಿಗುತ್ತವೆ. ಕೆಲವು ಗೊಂಚಲನ್ನು ಹಾಗೇ ಬಿಟ್ಟರೆ ಕಪ್ಪುಗೆಂಪು ಹಣ್ಣಾಗುತ್ತದೆ, ಬುಲ್‌ಬುಲ್‌ಗಳಿಗೆ ಇಷ್ಟ.

ಇರುವೆ ಸಾಲು ಗಿಡ ಹತ್ತುತ್ತಿದೆ ಎಂದು ಬರೆದದ್ದನ್ನು ಮರೆಯುತ್ತಿದ್ದೆ. ಇರುವೆಯನ್ನು ಬೈಯಬೇಡಿ, ಅದು ಹೋಗುವ ದಾರಿ ಹಿಡಿದು ನೋಡಿ. ಎಲೆ ಕಾಂಡಕ್ಕೆ ಕೂಡುವ ಸಂದಿನಲ್ಲಿ ಅಕ್ಕಿಹಿಟ್ಟು ಮೆತ್ತಿದಂತೆ ಹಿಟ್ಟು ತಿಗಣೆ ಕೂತಿರುತ್ತದೆ. ಅದರ ಸಿಹಿ ಅಂಟಿಗೆ ಇರುವೆ ಬರುತ್ತದೆ, ಅಂಟಿನ ಮೇಲೆ ಕಪ್ಪು ಬೂಷ್ಟು ಕೂರುತ್ತದೆ. ಹಳೆಯ ಟೂತ್‌ಬ್ರಷ್ಷಿಗೆ ಸೋಪಿನ ನೀರು ಹಚ್ಚಿ ಉಜ್ಜಿ, ಆಮೇಲೆ ಲೀಟರಿಗೆ 5 ಮಿಲಿ ಬೇವಿನೆಣ್ಣೆಯನ್ನು ನಾಲ್ಕು ಹನಿ ಸೋಪಿನ ಜೊತೆ ಕಲಸಿ ವಾರಕ್ಕೊಮ್ಮೆ ಸಿಂಪಡಿಸಿ. ನಮ್ಮ ಕಡೆ ಕೇಪಳದ ಹೂವನ್ನು ತುಪ್ಪದಲ್ಲಿ ಬಾಡಿಸಿ, ಜೀರಿಗೆ, ಕಾಯಿತುರಿ ಹಾಕಿ ಅರೆದು ಮಜ್ಜಿಗೆಗೆ ಬೆರೆಸಿ ತಂಬುಳಿ ಮಾಡುತ್ತಾರೆ. ಇದನ್ನೋದಿ ಆಸೆಯಾದರೆ, ಇಷ್ಟೆಲ್ಲ ಸಿಂಪಡಿಸಿದ ಗಿಡದ ಹೂವಿನಿಂದ ಮಾತ್ರ ಬೇಡ ಮಾರಾಯ್ರೇ.

ಇಷ್ಟು ಮಾಡುವ ಮೊದಲು ಒಂದು ರೆಂಬೆಯ ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಗಿಡ ಜೀವಂತ. ಭಯವಿದ್ದರೆ ಅದರಿಂದಲೇ ನಾಲ್ಕೈದು ಕಡ್ಡಿ ಮಾಡಿಟ್ಟುಕೊಳ್ಳಿ. ತೀರ ಎಳೆಯದೂ ಅಲ್ಲ, ಬಲಿತದ್ದೂ ಅಲ್ಲ, ಆರು ಇಂಚು ಉದ್ದ, ಗೆಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿದ್ದು. ತುದಿಯ ಎರಡೆಲೆ ಬಿಟ್ಟು ಉಳಿದದ್ದು ತೆಗೆದು, ಮರಳು ಮತ್ತು ಕೊಕೊಪೀಟ್ ಬೆರೆಸಿದ ಲೋಟದಲ್ಲಿ ಊರಿ, ಮೇಲಿಂದ ಬುಡ ಕತ್ತರಿಸಿದ ನೀರಿನ ಬಾಟಲಿ ಕವುಚಿ ನೆರಳಲ್ಲಿಡಿ. ಬೇರು ಬರಲು ಒಂದರಿಂದ ಎರಡು ತಿಂಗಳು ಬೇಕು. ಬಂತಾ ಎಂದು ಎಳೆದು ನೋಡಬೇಡಿ. ಹಾಗೆ ನೋಡಿಯೇ ನಾನು ಮೂರು ಕಡ್ಡಿ ಕಳೆದುಕೊಂಡಿದ್ದೇನೆ. ಮೂರಕ್ಕೂ ಬೇರು ಬಂದಿತ್ತು.