ಹೀರೋನ ಬಿಡಿ, ಪಕ್ಕದಲ್ಲಿ ನಿಂತವರನ್ನು ನೋಡಿ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಹಿಂದಿ ಸಿನಿಮಾ ಮತ್ತು ವೆಬ್ ಸರಣಿಗಳ ಬಗ್ಗೆಯೇ. ಕೆಲವರು ಬೈದಿದ್ದಾರೆ, ಕೆಲವರು ಏನು ನೋಡಲಿ ಅಂತ ಕೇಳಿದ್ದಾರೆ, ಒಬ್ಬರಿಗಂತೂ ನನ್ನ ರುಚಿಯ ಮೇಲೇ ಅನುಮಾನ. ನಾನು ವಿಮರ್ಶಕ ಅಲ್ಲ, ಬರೀ ನೋಡುಗ. ಉತ್ತರಗಳನ್ನೂ ಹಾಗೇ ಓದಿಕೊಳ್ಳಿ.

ಪ್ರಶ್ನೆ: ಹಿಂದಿ ವೆಬ್ ಸರಣಿ ಅಂದರೆ ಒಬ್ಬ ಇನ್‌ಸ್ಪೆಕ್ಟರ್, ಅವನಿಗೆ ಮನೆಯಲ್ಲಿ ನೆಮ್ಮದಿ ಇಲ್ಲ, ಮೇಲಧಿಕಾರಿ ಉಗೀತಾನೆ, ಎಲ್ಲಾ ಕಡೆ ಕತ್ತಲು, ಬಾಯಿ ಬಿಟ್ಟರೆ ಬೈಗುಳ. ಬೇರೆ ಏನೂ ಇಲ್ವಾ ಸ್ವಾಮಿ? – ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ

ಉತ್ತರ: ಇದೆ. ಆದರೆ ನೀವು ಬೈದ ಆ ಇನ್‌ಸ್ಪೆಕ್ಟರ್‌ಗಳ ಗುಂಪಿನಲ್ಲೇ ಒಬ್ಬ ಒಳ್ಳೆಯವನಿದ್ದಾನೆ, ‘ಪಾತಾಳ್ ಲೋಕ್’ನ ಹಾಥಿರಾಮ್ ಚೌಧರಿ. ಅವನನ್ನು ಮಾತ್ರ ಬಿಡಬೇಡಿ. ಮೊದಲ ಸೀಸನ್ ಬಂದದ್ದು 2020ರಲ್ಲಿ, ಎರಡನೆಯದು 2025ರ ಜನವರಿಯಲ್ಲಿ. ಅಷ್ಟು ವರ್ಷ ಕಾಯಿಸಿ ಹಾಳು ಮಾಡದೆ ತಂದದ್ದೇ ದೊಡ್ಡದು. ಎರಡನೇ ಸೀಸನ್‌ನಲ್ಲಿ ದಿಲ್ಲಿಯಲ್ಲಿ ನಾಗಾಲ್ಯಾಂಡಿನ ನಾಯಕರೊಬ್ಬರ ಕೊಲೆಯಾಗುತ್ತದೆ. ಅದು ದೊಡ್ಡ ಕೇಸು, ದೊಡ್ಡವರ ಕೈಗೆ ಹೋಗುತ್ತದೆ. ಹಾಥಿರಾಮನ ಕೈಗೆ ಸಿಗುವುದು ಬ್ಯಾಂಡ್ ಸೆಟ್ಟಿನ ಬಡವನೊಬ್ಬ ಕಾಣೆಯಾದ ಕೇಸು, ಯಾರಿಗೂ ಬೇಡದ್ದು. ಎರಡೂ ಎಲ್ಲಿ ಬಂದು ಕೂಡುತ್ತವೆ ಅನ್ನೋದೇ ಕತೆ.

ನನಗೆ ಹಿಡಿಸಿದ್ದು ಕೊಲೆ ಅಲ್ಲ, ಅನ್ಸಾರಿ. ಮೊದಲ ಸೀಸನ್‌ನಲ್ಲಿ ಇವನು ಹಾಥಿರಾಮನ ಕೈಕೆಳಗೆ ಕೆಲಸ ಮಾಡುತ್ತಾ ಯುಪಿಎಸ್‌ಸಿಗೆ ಓದುತ್ತಿದ್ದ ಹುಡುಗ. ಎರಡನೆಯದರಲ್ಲಿ ಐಪಿಎಸ್ ಆಗಿ ಬಂದಿದ್ದಾನೆ. ನಿನ್ನೆವರೆಗೆ ತಾನೇ ಕೆಲಸ ಹೇಳುತ್ತಿದ್ದ ಹುಡುಗನ ಎದುರು ಇವತ್ತು ನೆಟ್ಟಗೆ ನಿಲ್ಲಬೇಕಾದಾಗ ಹಾಥಿರಾಮನ ಮುಖದಲ್ಲಿ ಸ್ವಲ್ಪ ಮುಜುಗರ, ಅದರ ಹಿಂದೆಯೇ ಸಿಕ್ಕಾಪಟ್ಟೆ ಹೆಮ್ಮೆ. ಜೈದೀಪ್ ಅಹ್ಲಾವತ್ ಇದನ್ನು ಮಾತಿಲ್ಲದೆ ಮಾಡುತ್ತಾರೆ.

ಯಾವ ಸರಣಿಯನ್ನು ಮುಂದುವರಿಸಬೇಕು ಅಂತ ನಾನು ತೀರ್ಮಾನ ಮಾಡೋದು ಹೀಗೇ. ಹೀರೋನ ಕಡೆ ನೋಡೋದಿಲ್ಲ. ಎರಡು ಸೀನಿಗೆ ಬಂದು ಹೋಗುವ ಕಾನ್‌ಸ್ಟೇಬಲ್ಲು, ಪಕ್ಕದ ಮನೆಯಾಕೆ, ಟೀ ಅಂಗಡಿಯವನು, ಇವರಿಗೆಲ್ಲ ಹೀರೋ ಇಲ್ಲದಾಗಲೂ ಏನೋ ಕೆಲಸ ಇದೆ ಅನ್ನಿಸಿದರೆ ಮುಂದಿನ ಕಂತು ಹಾಕುತ್ತೇನೆ. ಹೀರೋನ ಡೈಲಾಗು ಮುಗಿಯಲಿ ಅಂತ ಕಾಯುತ್ತಾ ಸುಮ್ನೆ ನಿಂತಿದ್ದರೆ ಟಿವಿ ಆಫ್.

ಪ್ರಶ್ನೆ: ‘ದಹಾಡ್’ ನೋಡಿದೆ. ಇದು ನಮ್ಮ ಕಡೆಯ ಸಯನೈಡ್ ಮೋಹನನ ಕತೆ ಅಲ್ವಾ? – ಪುತ್ತೂರಿನ ಓದುಗರು

ಉತ್ತರ: ಹೋಲಿಕೆ ಎದ್ದು ಕಾಣುತ್ತದೆ, ನಿಮ್ಮ ಜಿಲ್ಲೆಯವರಿಗಂತೂ ಮೊದಲ ಕಂತಿಗೇ ಗೊತ್ತಾಗಿರುತ್ತದೆ. ಶಾಲಾ ಶಿಕ್ಷಕನಾಗಿದ್ದ ಮೋಹನ್ ಸಿಕ್ಕಿಬಿದ್ದದ್ದು 2009ರಲ್ಲಿ. ಮದುವೆಯಾಗುತ್ತೇನೆ ಅಂತ ಬಡ ಮನೆಯ ಹೆಣ್ಣುಮಕ್ಕಳನ್ನು ನಂಬಿಸಿ, ಬೇರೆ ಊರಿಗೆ ಕರೆದುಕೊಂಡು ಹೋಗಿ, ಗರ್ಭ ನಿಲ್ಲದ ಮಾತ್ರೆ ಅಂತ ಸಯನೈಡ್ ಕೊಡುತ್ತಿದ್ದ. ಹೆಣ ಸಿಗುತ್ತಿದ್ದದ್ದು ಬಸ್ ಸ್ಟ್ಯಾಂಡಿನ ಶೌಚಾಲಯದಲ್ಲಿ. ಸರಣಿಯಲ್ಲಿ ಊರು ರಾಜಸ್ಥಾನಕ್ಕೆ ಹೋಗಿದೆ, ಕೊಲೆಗಾರ ಹಿಂದಿ ಮೇಷ್ಟ್ರಾಗಿದ್ದಾನೆ. ವಿಜಯ್ ವರ್ಮಾ ಆ ಮೇಷ್ಟ್ರನ್ನು ಎಷ್ಟು ಸಾಧುವಾಗಿ ಮಾಡಿದ್ದಾರೆ ಅಂದರೆ ನೋಡುವಾಗ ಕೈಕಾಲು ತಣ್ಣಗಾಗುತ್ತದೆ.

ಆದರೆ ಕೊಲೆಗಾರ ಯಾರು ಅಂತ ಬೇಗನೇ ಹೇಳಿಬಿಡುತ್ತಾರೆ. ಕೇಳಬೇಕಾದ ಪ್ರಶ್ನೆ ಬೇರೆ. ಇಷ್ಟು ಹೆಣ್ಣುಮಕ್ಕಳು ಕಾಣೆಯಾದರೂ ಯಾರೂ ಯಾಕೆ ಹುಡುಕಲಿಲ್ಲ? ವರದಕ್ಷಿಣೆ ಕೊಡಲಾಗದ ಮನೆ. ಮಗಳು ಯಾರ ಜೊತೆಗೋ ಹೋಗಿದ್ದಾಳೆ ಅಂದುಕೊಂಡು, ಮರ್ಯಾದೆಗೆ ಅಂಜಿ ಬಾಯಿ ಮುಚ್ಚಿಕೊಂಡವರು. ಇದನ್ನು ಸರಣಿ ಚೆನ್ನಾಗಿ ತೋರಿಸಿದೆ. ಇನ್ನೊಂದು ಸಣ್ಣ ವಿಷಯ ಗಮನಿಸಿದಿರಾ? ಸೋನಾಕ್ಷಿ ಸಿನ್ಹಾ ಮಾಡಿರುವ ಎಸ್‌ಐ ಅಂಜಲಿ ಠಾಣೆಯಲ್ಲಿ ಹಾದು ಹೋದಾಗಲೆಲ್ಲ ಒಬ್ಬ ಪೊಲೀಸ್‌ನವನು ಊದಿನಕಡ್ಡಿ ಹಚ್ಚುತ್ತಾನೆ. ಕೆಳಜಾತಿಯವಳು ಅಂತ. ಒಂದು ಮಾತೂ ಇಲ್ಲ, ಬೆಂಕಿಪೊಟ್ಟಣ ಮತ್ತು ಕಡ್ಡಿ ಅಷ್ಟೇ. ಜಾತಿಯ ಬಗ್ಗೆ ಉದ್ದುದ್ದ ಭಾಷಣ ಬರೆಯುವ ಸಿನಿಮಾದವರು ಇದನ್ನು ನೋಡಬೇಕು. ಎಂಟು ಕಂತು ಜಾಸ್ತಿಯಾಯಿತು, ಆರಕ್ಕೆ ಮುಗಿಸಬಹುದಿತ್ತು.

ಪ್ರಶ್ನೆ: ‘ಹೀರಾಮಂಡಿ’ಯ ಒಡವೆ, ಬಟ್ಟೆ ನೋಡಿ ಕಣ್ಣು ತುಂಬಿತು. ನೀವೇನಂತೀರಿ? – ಗೃಹಿಣಿ, ಮೈಸೂರು

ಉತ್ತರ: ಒಡವೆ ನೋಡಿದೆ, ಬಟ್ಟೆ ನೋಡಿದೆ, ದೀಪ ನೋಡಿದೆ. ಮನುಷ್ಯರು ಯಾರಾದರೂ ಸಿಕ್ಕರೆ ತಿಳಿಸಿ ಅಮ್ಮಾ.

ಪ್ರಶ್ನೆ: ನಾನು ಪಿಡಿಒ. ‘ಪಂಚಾಯತ್’ ನೋಡಿದ ಮೇಲೆ ಮನೆಯವರೆಲ್ಲ “ನಿಂದು ಇಷ್ಟು ಆರಾಮದ ಕೆಲಸಾನಾ” ಅಂತಾರೆ. ಮೊದಲು ತುಂಬಾ ಇಷ್ಟಪಟ್ಟಿದ್ದೆ, ನಾಲ್ಕನೇ ಸೀಸನ್ ಸಪ್ಪೆ ಅನ್ನಿಸಿತು. ನನಗೆ ಮಾತ್ರಾನಾ? – ತರೀಕೆರೆ ತಾಲ್ಲೂಕಿನಿಂದ

ಉತ್ತರ: ನಿಮಗೆ ಮಾತ್ರ ಅಲ್ಲ. ಮನೆಯವರನ್ನು ಒಂದು ದಿನ ಗ್ರಾಮಸಭೆಗೆ ಕರೆದುಕೊಂಡು ಹೋಗಿ, ಆಮೇಲೆ ಕೇಳೋದಿಲ್ಲ.

2020ರಲ್ಲಿ ಬಂದ ಮೊದಲ ಸೀಸನ್ ಯಾಕೆ ಚೆನ್ನಾಗಿತ್ತು ಅಂದರೆ ಅದರಲ್ಲಿ ದೊಡ್ಡದು ಅಂತ ಏನೂ ಆಗುತ್ತಿರಲಿಲ್ಲ. ಫುಲೇರಾ ಅನ್ನುವ ಹಳ್ಳಿಗೆ ಬಂದ ಪಂಚಾಯಿತಿ ಸೆಕ್ರೆಟರಿ ಒಂದು ತಿರುಗುವ ಕುರ್ಚಿ ತರುತ್ತಾನೆ. ಅದು ಪ್ರಧಾನರ, ಅಂದರೆ ಅಲ್ಲಿನ ಪಂಚಾಯಿತಿ ಅಧ್ಯಕ್ಷರ, ಕುರ್ಚಿಗಿಂತ ಎತ್ತರ. ಮುಗೀತು, ಅಲ್ಲಿಗೆ ಒಂದು ಕಂತಿಗಾಗುವಷ್ಟು ರಾಜಕೀಯ ಶುರು. ಸರ್ಕಾರಿ ಆಫೀಸಿನಲ್ಲಿ ಕೆಲಸ ಮಾಡಿದ ಯಾರಿಗೂ ಇದು ತಮಾಷೆ ಮಾತ್ರ ಅನ್ನಿಸೋದಿಲ್ಲ. ದಾಖಲೆಯಲ್ಲಿ ಪ್ರಧಾನ್ ಆಗಿರುವವರು ಮಂಜು ದೇವಿ, ಅಧಿಕಾರ ನಡೆಸುವವರು ಅವರ ಗಂಡ. ಗ್ರಾಮ ಪಂಚಾಯಿತಿಯಲ್ಲಿ ಮಹಿಳೆಯರಿಗೆ ಶೇ 50 ಮೀಸಲಾತಿ ಇರುವ ನಮ್ಮ ರಾಜ್ಯದಲ್ಲಿ “ಅಧ್ಯಕ್ಷರ ಯಜಮಾನ್ರು” ಅನ್ನುವ ಹುದ್ದೆ ಎಷ್ಟು ಕಡೆ ಇದೆ ಅಂತ ನಿಮಗೆ ನಾನು ಹೇಳಬೇಕಾ? ಗಣರಾಜ್ಯೋತ್ಸವಕ್ಕೆ ಧ್ವಜ ಹಾರಿಸಲು ಆಕೆಯೇ ನಿಂತು ರಾಷ್ಟ್ರಗೀತೆ ಹೇಳಬೇಕಾಗಿ ಬಂದಾಗ ನೀನಾ ಗುಪ್ತಾ ತಡವರಿಸಿ ಹೇಳುವ ರೀತಿ ನೋಡಿ. ಅದೂ ಅಭಿನಯ ಅಂತ ಮರೆತೇಹೋಗುತ್ತದೆ.

ಆಮೇಲೆ ಪ್ರಹ್ಲಾದ್. ಮೊದಲ ಸೀಸನ್‌ನಲ್ಲಿ ನಗಿಸುವುದಕ್ಕೆ ಪಕ್ಕದಲ್ಲಿ ನಿಂತಿದ್ದ ಉಪಪ್ರಧಾನ. ಎರಡನೆಯದರ ಕೊನೆಗೆ ಸೈನ್ಯದಲ್ಲಿದ್ದ ಅವನ ಮಗ ಹೋಗುತ್ತಾನೆ, ಇಡೀ ಸರಣಿ ಅವನ ಹೆಗಲ ಮೇಲೆ ಬಂದು ಕೂರುತ್ತದೆ. ಮೂರನೆಯದರಲ್ಲಿ ಪರಿಹಾರದ 50 ಲಕ್ಷ ಖಾತೆಯಲ್ಲಿದೆ, ಮನೆಗೆ ಹೋಗಲು ಮನಸ್ಸಿಲ್ಲ, ಎಲ್ಲೆಂದರಲ್ಲಿ ಮಲಗಿರುತ್ತಾನೆ. ಫೈಸಲ್ ಮಲಿಕ್ ಅನ್ನುವ ಈ ನಟನನ್ನು ಅದಕ್ಕೆ ಮೊದಲು ನಾವು ಎಷ್ಟು ಜನ ಗುರುತಿಸುತ್ತಿದ್ದೆವು?

2025ರ ಜೂನ್‌ನಲ್ಲಿ ಬಂದ ನಾಲ್ಕನೆಯದರಲ್ಲಿ ಇದೆಲ್ಲ ಹಿಂದೆ ಸರಿದು ಬರೀ ಎಲೆಕ್ಷನ್. ಒಂದು ಕಡೆಯವರ ಚುನಾವಣಾ ಚಿಹ್ನೆ ಸೋರೆಕಾಯಿ, ಇನ್ನೊಂದು ಕಡೆಯವರದು ಕುಕ್ಕರ್, ಒಬ್ಬರು ಒಂದು ಚೇಷ್ಟೆ ಮಾಡಿದರೆ ಇನ್ನೊಬ್ಬರು ಅದಕ್ಕೆ ಪ್ರತಿಯಾಗಿ ಒಂದು, ಮತ್ತೆ ಇವರು ಒಂದು. ಹುಳಿಗೆ ನೀರು ಬೆರೆಸಿ ಇನ್ನೂ ನಾಲ್ಕು ಜನಕ್ಕೆ ಬಡಿಸಿದ ಹಾಗೆ. ಫಲಿತಾಂಶ ಹೇಳೋದಿಲ್ಲ, ನೋಡದವರು ಇರಬಹುದು. ಆದರೆ ಆ ಫಲಿತಾಂಶಕ್ಕಾಗಿ ಇಡೀ ಸೀಸನ್ ಕಾಯಿಸಬೇಕಿರಲಿಲ್ಲ.

ಪ್ರಶ್ನೆ: ‘ಲಾಪತಾ ಲೇಡೀಸ್’ ನಾನೂ ನಮ್ಮ ಅತ್ತೆಯೂ ಒಟ್ಟಿಗೆ ಕೂತು ನೋಡಿದೆವು. ಯಜಮಾನರು ಅರ್ಧಕ್ಕೆ ಎದ್ದು ಹೋದರು. ಏನು ಮಾಡಲಿ? – ಶಿರಸಿಯ ಓದುಗರು

ಉತ್ತರ: ಏನೂ ಮಾಡಬೇಡಿ, ಅತ್ತೆ ಪೂರ್ತಿ ನೋಡಿದರಲ್ಲ, ಅದು ದೊಡ್ಡದು. ಕಿರಣ್ ರಾವ್ ಅವರ ಈ ಸಿನಿಮಾದಲ್ಲಿ ಅತ್ತೆಯ ಪಾತ್ರಕ್ಕೆ ಒಂದು ಪುಟ್ಟ ಜಾಗ ಇದೆ. ಆಕೆಗೆ ಇಷ್ಟವಾದ ಒಂದು ಪಲ್ಯ. ಮನೆಯಲ್ಲಿ ಬೇರೆ ಯಾರಿಗೂ ಸೇರೋದಿಲ್ಲ ಅಂತ ಮಾಡೋದನ್ನೇ ಬಿಟ್ಟಿದ್ದಾರೆ. ಹೆಂಗಸರಿಗೆ ಏನು ಇಷ್ಟ ಅಂತ ನೋಡಿ ಯಾರಾದರೂ ಅಡುಗೆ ಮಾಡ್ತಾರಾ ಅಂತ ನಗುತ್ತಾರೆ. ನಿಮ್ಮ ಅತ್ತೆ ಆ ಸೀನಿನಲ್ಲಿ ಏನಂದರು ಅಂತ ಬರೆಯಬೇಕಿತ್ತು ನೀವು.

ರೈಲಿನಲ್ಲಿ ಮುಖ ಮುಚ್ಚುವ ಘೂಂಘಟ್ ಹಾಕಿದ ಇಬ್ಬರು ಮದುಮಗಳು ಅದಲುಬದಲಾಗುವ ಕತೆ, 2001ರಲ್ಲಿ ನಡೆಯುವುದು. ಇದರಲ್ಲಿ ನನ್ನ ಮೆಚ್ಚಿನವರು ಪ್ಲಾಟ್‌ಫಾರ್ಮಿನಲ್ಲಿ ಟೀ ಅಂಗಡಿ ಇಟ್ಟ ಮಂಜು ಮಾಯಿ. ಛಾಯಾ ಕದಮ್ ಮಾಡಿದ್ದಾರೆ. ಗಂಡನನ್ನೂ ಮಗನನ್ನೂ ಮನೆಯಿಂದ ಹೊರಗೆ ಹಾಕಿ ತನ್ನ ದುಡಿಮೆಯಲ್ಲಿ ಬದುಕುವ ಹೆಂಗಸು. ದಾರಿ ತಪ್ಪಿ ಬಂದ ಮದುಮಗಳು ಫೂಲ್ ಕಲಾಕಂದ್ ಮಾಡುತ್ತಾಳೆ, ಅಂಗಡಿಯಲ್ಲಿ ಮಾರಾಟವಾಗುತ್ತದೆ, ಮಾಯಿ ಅವಳ ಕೈಗೆ ದುಡ್ಡು ಕೊಡುತ್ತಾರೆ. ಆ ಹುಡುಗಿಯ ಮೊದಲ ಸಂಪಾದನೆ. ಹಿನ್ನೆಲೆ ಸಂಗೀತ ಜೋರು ಮಾಡಿ ಕಣ್ಣೀರು ತರಿಸುವ ಸೀನು ಮಾಡಬಹುದಿತ್ತು, ಮಾಡಿಲ್ಲ. ಇನ್ನು ಬಾಯಿ ತುಂಬ ಪಾನ್ ಹಾಕಿಕೊಂಡ ರವಿ ಕಿಶನ್ ಇನ್‌ಸ್ಪೆಕ್ಟರ್ ಬಗ್ಗೆ ಬರೆದರೆ ಬೇರೆ ಪತ್ರಗಳಿಗೆ ಜಾಗ ಇರೋದಿಲ್ಲ. ಯಜಮಾನರಿಗೆ ಅವರ ಸೀನು ಬರುವಾಗ ಒಮ್ಮೆ ಕೂಗಿ ಕರೆಯಿರಿ, ಬರ್ತಾರೆ.

ಪ್ರಶ್ನೆ: ‘ಟ್ವೆಲ್ತ್ ಫೇಲ್’ ನೋಡಿ ನಾನೂ ಯುಪಿಎಸ್‌ಸಿ ಬರೆಯಲು ತೀರ್ಮಾನಿಸಿದ್ದೇನೆ. ಆಶೀರ್ವಾದ ಮಾಡಿ. – ಪದವಿ ವಿದ್ಯಾರ್ಥಿ, ಧಾರವಾಡ

ಉತ್ತರ: ಆಶೀರ್ವಾದ ಖಂಡಿತ. ಆದರೆ ಅದೇ ಸಿನಿಮಾದ ಗೌರಿ ಭಯ್ಯಾನನ್ನು ಮರೆಯಬೇಡಿ. ಚಂಬಲ್‌ನಿಂದ ಬಂದು, ಹಿಟ್ಟಿನ ಗಿರಣಿಯಲ್ಲಿ ದುಡಿದು, ಐಪಿಎಸ್ ಆದ ಮನೋಜ್ ಶರ್ಮಾರ ಕತೆ ನಿಜವಾದದ್ದೇ. ಆ ಪಾತ್ರ ಮಾಡಿದ ವಿಕ್ರಾಂತ್ ಮಾಸ್ಸಿಗೆ ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ಆದರೆ ಗೌರಿ ಭಯ್ಯಾ ಎಲ್ಲಾ ಅವಕಾಶ ಮುಗಿಸಿ, ಪಾಸಾಗದೆ, ದಿಲ್ಲಿಯ ಮುಖರ್ಜಿ ನಗರದಲ್ಲಿ ಟೀ ಅಂಗಡಿ ಹಾಕಿಕೊಂಡು ಬೇರೆ ಹುಡುಗರಿಗೆ ಹೇಳಿಕೊಡುತ್ತಾನೆ. ವರ್ಷಕ್ಕೆ ಹತ್ತು ಲಕ್ಷದ ಆಸುಪಾಸು ಅರ್ಜಿ, ಆಯ್ಕೆಯಾಗುವವರು ಸುಮಾರು ಸಾವಿರ. ಮಿಕ್ಕವರೆಲ್ಲ ಗೌರಿ ಭಯ್ಯಾನ ಕಡೆಯವರು. ಬರೆಯಿರಿ, ಜೊತೆಗೆ ಇನ್ನೊಂದು ಕೆಲಸವನ್ನೂ ಕಲಿತಿಟ್ಟುಕೊಳ್ಳಿ. ನಿಮ್ಮ ಅಪ್ಪ ಅಮ್ಮ ಹೇಳೋದೂ ಇದೇ ಇರಬಹುದು, ಅವರು ಹೇಳಿದರೆ ಬೇಜಾರು, ನಾನು ಹೇಳಿದರೆ ಪರವಾಗಿಲ್ಲ ಅಲ್ವಾ?

ಪ್ರಶ್ನೆ: ‘ಧುರಂಧರ್’ ಮೂರೂವರೆ ಗಂಟೆ. ಒಂದು ಸಿನಿಮಾಕ್ಕೆ ಅಷ್ಟು ಹೊತ್ತು ಬೇಕಾ? – ಆಟೊ ಚಾಲಕ, ದಾವಣಗೆರೆ

ಉತ್ತರ: ಬೇಡ. ಆದರೆ ಒಂದು ತಮಾಷೆ ನೋಡಿ, ಹೀರೋ ರಣವೀರ್ ಸಿಂಗ್, ಜನ ಹೊರಗೆ ಬಂದು ಮಾತಾಡಿದ್ದು ಅಕ್ಷಯ್ ಖನ್ನಾ ಬಗ್ಗೆ. ಕರಾಚಿಯ ಲ್ಯಾರಿಯ ಗೂಂಡಾ ರೆಹಮಾನ್ ಡಕೈತ್ ಆಗಿ ಬಂದು, ಬಹ್ರೇನಿನ ಒಂದು ಹಾಡಿಗೆ ಕೈ ಆಡಿಸುತ್ತಾ ನಡೆದರು, ಅಷ್ಟೇ. ಎಲ್ಲರ ಮೊಬೈಲಲ್ಲೂ ಅದೇ. ಹೊಡೆದಾಟ, ರಕ್ತ ಸಿಕ್ಕಾಪಟ್ಟೆ ಇದೆ, ಮಕ್ಕಳನ್ನು ಕರೆದುಕೊಂಡು ಹೋಗುವ ಸಿನಿಮಾ ಅಲ್ಲ.

ಪ್ರಶ್ನೆ: ‘ಹೋಮ್‌ಬೌಂಡ್’ ಆಸ್ಕರ್‌ಗೆ ಭಾರತದಿಂದ ಹೋದ ಸಿನಿಮಾ ಅಂತ ನೋಡಿದೆ. ರಾತ್ರಿ ನಿದ್ದೆ ಬರಲಿಲ್ಲ. ಇಂಥದ್ದನ್ನು ಯಾಕೆ ನೋಡಬೇಕು? – ನಿವೃತ್ತ ಶಿಕ್ಷಕರು, ಕಲಬುರಗಿ

ಉತ್ತರ: ಮೇಷ್ಟ್ರೇ, ನಿಮ್ಮ ನಿದ್ದೆ ಕೆಟ್ಟದ್ದಕ್ಕೆ ನಿರ್ದೇಶಕ ನೀರಜ್ ಘಾಯ್ವಾನ್ ಖುಷಿಪಡುತ್ತಾರೆ ಅನ್ನಿಸುತ್ತದೆ. ಇಬ್ಬರು ಗೆಳೆಯರು, ಒಬ್ಬ ದಲಿತ, ಒಬ್ಬ ಮುಸ್ಲಿಂ. ಪೊಲೀಸ್ ಕಾನ್‌ಸ್ಟೇಬಲ್ ಆದರೆ ಜನ ಮರ್ಯಾದೆ ಕೊಡ್ತಾರೆ ಅಂತ ಪರೀಕ್ಷೆ ಬರೆಯುತ್ತಾರೆ. ಆಮೇಲೆ 2020ರ ಲಾಕ್‌ಡೌನ್, ದೂರದ ಊರಿನಲ್ಲಿ ಕೆಲಸ ನಿಂತು ಊರ ಕಡೆ ಹೊರಟ ದಾರಿ. ಕಲಬುರಗಿ, ಯಾದಗಿರಿ ಕಡೆಯಿಂದ ಮುಂಬೈ, ಪುಣೆಗೆ ದುಡಿಯಲು ಹೋದವರು ಆ ವರ್ಷ ಹೇಗೆ ವಾಪಸ್ ಬಂದರು ಅಂತ ನೀವೇ ಕಣ್ಣಾರೆ ನೋಡಿರುತ್ತೀರಿ.

ನನಗೆ ನಿದ್ದೆ ಕೆಡಿಸಿದ್ದು ಆ ದಾರಿಗಿಂತ ಜಾಸ್ತಿ ಆ ದಲಿತ ಗೆಳೆಯ ಚಂದನ್‌ನ ಅಮ್ಮ. ಶಾಲೆಯಲ್ಲಿ ಅಡುಗೆ ಕೆಲಸಕ್ಕೆ ಸೇರುತ್ತಾಳೆ, ಅವಳು ಮುಟ್ಟಿದ ಊಟ ನಮ್ಮ ಮಕ್ಕಳಿಗೆ ಬೇಡ ಅಂತ ಮೇಲ್ಜಾತಿಯವರು ತಕರಾರು ತೆಗೆಯುತ್ತಾರೆ. ಬಿಸಿಯೂಟದ ಇಂಥ ಸುದ್ದಿ ನಮ್ಮ ಪೇಪರುಗಳಲ್ಲೂ ಬಂದಿದೆ, ಓದಿ ಪುಟ ತಿರುಗಿಸಿದ್ದೇವೆ. ಸಿನಿಮಾದಲ್ಲಿ ಪುಟ ತಿರುಗಿಸೋಕೆ ಆಗೋದಿಲ್ಲ, ಆಕೆಯ ಮುಖ ಎದುರಿಗೇ ಇರುತ್ತದೆ. ಶಾಲೆಯಲ್ಲಿ ವರ್ಷಗಟ್ಟಲೆ ಮಕ್ಕಳ ಊಟದ ಸಾಲು ನೋಡಿದ ನೀವು ಇದರ ಬಗ್ಗೆ ಒಂದು ಉದ್ದದ ಪತ್ರ ಬರೆಯಬೇಕು, ದಯವಿಟ್ಟು.

ಪ್ರಶ್ನೆ: ಹಿಂದಿಯವರನ್ನು ಹೊಗಳಿದ್ದು ಸಾಕು, ಕನ್ನಡದಲ್ಲಿ ಯಾಕೆ ಇಂಥ ಸರಣಿ ಬರೋದಿಲ್ಲ? – ಬೆಂಗಳೂರಿನ ಕನ್ನಡಾಭಿಮಾನಿ

ಉತ್ತರ: ಬಂದಾಗ ನೀವು ನೋಡಿದಿರಾ? ಕರಾವಳಿಯ ಏಳು ಕತೆಗಳ ‘ಏಕಂ’ ಮಾಡಿದವರಿಗೆ ದೊಡ್ಡ ಒಟಿಟಿಗಳಲ್ಲಿ ಜಾಗ ಸಿಗಲಿಲ್ಲ. 2024ರ ಜುಲೈನಲ್ಲಿ ತಾವೇ ಒಂದು ವೆಬ್‌ಸೈಟ್ ಮಾಡಿ, ದುಡ್ಡು ಕೊಟ್ಟು ನೋಡಿ ಅಂತ ಬಿಡುಗಡೆ ಮಾಡಿದರು. 2025ರಲ್ಲಿ ‘ಅಯ್ಯನ ಮನೆ’ ಬಂತು, ಅದಕ್ಕೆ ಜನ ಸಿಕ್ಕರು. ಒಟಿಟಿಯವರು ಭಾಷಾಭಿಮಾನ ನೋಡೋದಿಲ್ಲ, ಎಷ್ಟು ಜನ ಕೊನೆ ಕಂತಿನವರೆಗೆ ನೋಡಿದರು ಅಂತ ನೋಡುತ್ತಾರೆ. ಬರೆಯುವವರು, ನಟರು ನಮ್ಮಲ್ಲಿ ಬೇಕಾದಷ್ಟಿದ್ದಾರೆ, ರಂಗಭೂಮಿ ತುಂಬ ಇದ್ದಾರೆ. ಹಣ ಹಾಕುವವರಿಗೆ ಧೈರ್ಯ ಬರೋದು ನೀವು ದುಡ್ಡು ಕೊಟ್ಟು ನೋಡಿದಾಗ.

ಪ್ರಶ್ನೆ: ಮನೆಯವರೆಲ್ಲ ಕೂತು ರಿಮೋಟ್ ಹುಡುಕಾಡದೆ ನೋಡುವಂಥದ್ದು ಒಂದು ಹೇಳಿ. – ಇಬ್ಬರು ಮಕ್ಕಳ ತಾಯಿ, ತುಮಕೂರು

ಉತ್ತರ: ‘ಗುಲ್ಲಕ್’. ಮಿಶ್ರಾ ಅವರ ಮನೆ, ಗಂಡ ಹೆಂಡತಿ, ಇಬ್ಬರು ಗಂಡುಮಕ್ಕಳು. ಕತೆ ಹೇಳುವುದು ಮನೆಯ ಮಣ್ಣಿನ ಹುಂಡಿ. ಕರೆಂಟು ಬಿಲ್ಲು, ಮಗನ ಕೆಲಸ, ಅಪ್ಪನ ಸ್ಕೂಟರು, ಇಷ್ಟೇ ವಿಷಯ. ಒಂದೊಂದು ಸೀಸನ್‌ಗೆ ಐದೇ ಕಂತು, ಒಂದೊಂದೂ ಅರ್ಧ ಗಂಟೆಯ ಆಸುಪಾಸು. ಪಕ್ಕದ ಮನೆಯಿಂದ ಯಾವಾಗ ಬೇಕಾದರೂ ನುಗ್ಗುವ ಒಬ್ಬ ಹೆಂಗಸಿದ್ದಾಳೆ, ಎಲ್ಲರೂ ಕರೆಯೋದು ಬಿಟ್ಟೂನ ಅಮ್ಮ ಅಂತ. ಅದನ್ನು ಮಾಡಿದ ಸುನೀತಾ ರಾಜ್ವಾರ್ ಅವರೇ ‘ಪಂಚಾಯತ್’ನಲ್ಲಿ ಎಲೆಕ್ಷನ್‌ಗೆ ನಿಂತ ಕ್ರಾಂತಿ ದೇವಿ. ಎರಡನ್ನೂ ಬೆನ್ನು ಬೆನ್ನಿಗೆ ನೋಡಿದರೆ ಇಬ್ಬರೂ ಒಬ್ಬರೇ ಅಂತ ಮಕ್ಕಳು ಕಂಡುಹಿಡಿಯುತ್ತಾರೋ ನೋಡಿ, ಕಂಡುಹಿಡಿದವರಿಗೆ ಆ ದಿನ ರಿಮೋಟ್ ಕೊಡಿ.