ಕಿಟಕಿಯಿಂದ ಇನ್ನೊಂದು ವಿಮಾನ ಕಂಡ್ರೆ ಹೆದರ್ಬೇಕಾ?

ನೀವು ಕೇಳಿರೋದು ಎರಡು ವಿಷ್ಯ. ಬೆಂಗಳೂರಲ್ಲಿ ಇಳಿಯೋಕ್ ಮುಂಚೆ ಕಿಟಕಿ ಕೆಳಗಡೆ ಇನ್ನೊಂದು ವಿಮಾನ ಅಡ್ಡ ಹೋಗಿದ್ದು ನೋಡಿ ಎದೆ ಝಲ್ಲಂತು, ಇದು ಮಾಮೂಲಾ ಅಂತ ಒಂದು, ಇಷ್ಟು ದೊಡ್ಡ ಆಕಾಶ ಇದ್ರೂ ಏರ್‌ಪೋರ್ಟ್ ಹತ್ರಾನೇ ಯಾಕೆ ಡಿಕ್ಕಿ ಆಗುತ್ತೆ ಅಂತ ಇನ್ನೊಂದು. ನಾನು ಪೈಲಟ್ ಅಲ್ಲ, ನೆಲದಲ್ಲಿ ಕೂತು ವಿಮಾನಗಳಿಗೆ ದಾರಿ, ಎತ್ತರ ಹೇಳೋ ಕಂಟ್ರೋಲರೂ ಅಲ್ಲ, ಅವರು ನೋಡೋ ರಾಡಾರ್ ಕೆಟ್ಟಾಗ ಬೈಸ್ಕೊಂಡು ರಿಪೇರಿ ಮಾಡ್ತಿದ್ದು ರಿಟೈರ್ ಆದವನು, ಹಾಗಾಗಿ ಉತ್ತರ ಸ್ವಲ್ಪ ರಾಡಾರ್ ಕಡೆಗೇ ವಾಲುತ್ತೆ, ಅಡ್ಜಸ್ಟ್ ಮಾಡ್ಕೊಳ್ಳಿ.

ಮೊದಲನೇದಕ್ಕೆ ಉತ್ತರ, ಹೌದು ಮಾಮೂಲು. ಒಂದ್ರ ಮೇಲೊಂದು ಹೋಗೋವಾಗ 1000 ಅಡಿ ಅಂತರ ಇದ್ರೆ ಸಾಕು ಅಂತಾನೇ ನಿಯಮ. ಜೋಗದಲ್ಲಿ ರಾಜ ಧುಮುಕೋದು 830 ಅಡಿ, ಅದಕ್ಕಿಂತ ಜಾಸ್ತಿನೇ ಆಯ್ತು, ಆದ್ರೆ ಕೆಳಗಿರೋದು ಅಷ್ಟು ದೊಡ್ಡ ವಿಮಾನ ಆದ್ರಿಂದ ಕೈಗೆ ಸಿಗೋ ಹಾಗೆ ಕಾಣುತ್ತೆ. 1000 ಅಡಿ ಇಲ್ಲ ಅಂದ್ರೆ ಪಕ್ಕಕ್ಕೆ ಐದಾರು ಕಿಲೋಮೀಟರೋ, ಜಾಗ ನೋಡ್ಕೊಂಡು ಒಂಬತ್ತೋ ಬಿಡ್ಬೇಕು. ಎರಡರಲ್ಲಿ ಒಂದು ಇರ್ಲೇಬೇಕು.

ಎರಡನೇದು ದೊಡ್ಡ ಕಥೆ. ಆಕಾಶ ದೊಡ್ಡದು ನಿಜ, ಆದ್ರೆ ಎಲ್ರಿಗೂ ಬೇಕಿರೋದು ಅದೇ ಮೂರ್ನಾಲ್ಕು ಕಿಲೋಮೀಟರ್ ಉದ್ದದ ಟಾರು ಪಟ್ಟಿ. ಇಳಿಯೋರು ಕೆಳಗೆ ಬರ್ಬೇಕು, ಹೊರಡೋರು ಮೇಲೆ ಹೋಗ್ಬೇಕು, ಅಂದ್ಮೇಲೆ ಎಲ್ಲೋ ಒಂದ್ಕಡೆ ಒಬ್ಬರ ಎತ್ತರವನ್ನ ಇನ್ನೊಬ್ಬರು ದಾಟ್ಲೇಬೇಕಲ್ಲ. ಆ ದಾಟೋ ಜಾಗದಲ್ಲೇ ಎಲ್ಲಾ ಎಡವಟ್ಟು.

ನಮ್ಮ ದೇಶದ್ದೇ ಉದಾಹರಣೆ ತಗೊಳ್ಳಿ, ಚರ್ಖಿ ದಾದ್ರಿ, 1996ರ ನವೆಂಬರ್ 12ರ ಸಂಜೆ. ದೆಹಲಿಯಿಂದ ಆಗಷ್ಟೇ ಹೊರಟಿದ್ದ ಸೌದಿ ಬೋಯಿಂಗ್ 747, ಎದುರಿಗೆ ದೆಹಲಿಗೆ ಇಳಿಯೋಕೆ ಬರ್ತಿದ್ದ ಕಜಾಕಿಸ್ತಾನದ ಇಲ್ಯುಶಿನ್-76. ಸುತ್ತಮುತ್ತ ತುಂಬಾ ಜಾಗ ವಾಯುಪಡೆಗೆ ಮೀಸಲಿದ್ದಿದ್ರಿಂದ ಆಗ ಬರೋರಿಗೂ ಹೋಗೋರಿಗೂ ಒಂದೇ ಓಣಿ. ಕಂಟ್ರೋಲರ್ ಸರಿಯಾಗೇ ಹೇಳಿದ್ರು, ಸೌದಿಗೆ 14,000 ಅಡಿ, ಕಜಾಕಿಗೆ 15,000. ಎದುರಿಗೆ ವಿಮಾನ ಬರ್ತಿದೆ ನೋಡ್ಕೊಳ್ಳಿ ಅಂತಾನೂ ಎಚ್ಚರಿಸಿದ್ರು. ಆದ್ರೂ ಕಜಾಕಿ ವಿಮಾನ 15,000ದಲ್ಲಿ ನಿಲ್ಲದೆ ಇಳೀತಾನೇ ಹೋಯ್ತು. ಅದ್ರಲ್ಲಿ ಇಂಗ್ಲಿಷಲ್ಲಿ ಮಾತಾಡ್ತಿದ್ದಿದ್ದು ರೇಡಿಯೋ ಆಪರೇಟರ್, ವಿಮಾನ ಓಡಿಸ್ತಿದ್ದೋರು ಬೇರೆಯವರು, ಎತ್ತರ ಎಷ್ಟು ಅಂತ ತಿಳಿಯೋಕೆ ಆಪರೇಟರ್ ಪೈಲಟ್‌ಗಳ ಹೆಗಲ ಮೇಲಿಂದ ಇಣುಕ್ಬೇಕಿತ್ತು. ಕೊನೇ ಗಳಿಗೇಲಿ ಅವನಿಗೆ ಗೊತ್ತಾಗಿ ಮೇಲೆ ಹೋಗಿ ಅಂದ, ಇವರು ಮೂತಿ ಎತ್ತಿದ್ರು, ಅಷ್ಟೊತ್ತಿಗೆ ಮುಗಿದಿತ್ತು. ಎರಡೂ ವಿಮಾನದಲ್ಲಿದ್ದ 349 ಜನರಲ್ಲಿ ಒಬ್ರೂ ಉಳೀಲಿಲ್ಲ.

ನನ್ನನ್ನ ಈಗ್ಲೂ ಕಾಡೋದು ಬೇರೆ ವಿಷ್ಯ. ಕಂಟ್ರೋಲರ್ ಮುಂದೆ ಇದ್ದಿದ್ದು ಪ್ರೈಮರಿ ರಾಡಾರ್ ಮಾತ್ರ. ಅದು ವಿಮಾನ ಯಾವ ದಿಕ್ಕಲ್ಲಿ, ಎಷ್ಟು ದೂರದಲ್ಲಿದೆ ಅಂತ ಒಂದು ಚುಕ್ಕಿ ತೋರಿಸುತ್ತೆ, ಎತ್ತರ ತೋರಿಸಲ್ಲ. ಎತ್ತರ ಬೇಕು ಅಂದ್ರೆ ಸೆಕೆಂಡರಿ ರಾಡಾರ್ ಇರ್ಬೇಕು, ಅದು ವಿಮಾನದಲ್ಲಿರೋ ಟ್ರಾನ್ಸ್‌ಪಾಂಡರನ್ನ 'ನೀನ್ಯಾರು, ಎಷ್ಟು ಎತ್ತರದಲ್ಲಿದ್ದೀಯ' ಅಂತ ಕೇಳುತ್ತೆ, ಉತ್ತರ ಚುಕ್ಕಿ ಪಕ್ಕದಲ್ಲೇ ಬರುತ್ತೆ. ಅದಿಲ್ದೆ ಎರಡು ಚುಕ್ಕಿ ಹತ್ತಿರ ಬರ್ತಿದ್ರೆ ಮೇಲೆ ಕೆಳಗೆ ಪಾಸಾಗ್ತವೆ ಅಂತ ಪೈಲಟ್ ಬಾಯಲ್ಲಿ ಹೇಳಿದ್ದನ್ನೇ ನಂಬ್ಕೊಂಡು ಕೂರ್ಬೇಕು, ಆ ಕುರ್ಚೀಲಿ ಕೂತಿದ್ದವರ ಸ್ಥಿತಿ ನೆನೆಸ್ಕೊಳ್ಳಿ. ಆಮೇಲೆ ತನಿಖೆಗೆ ಲಾಹೋಟಿ ಆಯೋಗ ಬಂತು, ಬರೋಕೆ ಹೋಗೋಕೆ ಬೇರೆ ಬೇರೆ ದಾರಿ ಆಯ್ತು, ಸೆಕೆಂಡರಿ ರಾಡಾರ್ ಬಂತು, ಡಿಕ್ಕಿ ತಪ್ಪಿಸೋಕೆ ವಿಮಾನದಲ್ಲೇ ಇರೋ ಟಿಕ್ಯಾಸ್ ಅನ್ನೋ ಯಂತ್ರ ಕಡ್ಡಾಯ ಆಯ್ತು.

ಪೈಲಟ್ ಕಣ್ಣಿಲ್ವಾ, ನೋಡ್ಕೊಂಡು ಓಡಿಸ್ಬಾರ್ದಾ ಅಂತ ನಮ್ಮ ಮಾವನೂ ಕೇಳ್ತಾರೆ. ಇಬ್ರೂ ಗಂಟೆಗೆ 450 ಕಿ.ಮೀ. ಸ್ಪೀಡಲ್ಲಿ ಎದುರುಬದುರು ಬಂದ್ರೆ ಮಧ್ಯದ ದೂರ ಸೆಕೆಂಡಿಗೆ ಕಾಲು ಕಿಲೋಮೀಟರ್ ಕರಗುತ್ತೆ. ಇನ್ನೂ ಕೆಟ್ಟದ್ದು ಏನಂದ್ರೆ, ನಿಜವಾಗ್ಲೂ ಡಿಕ್ಕಿ ಹೊಡೆಯೋ ದಾರೀಲಿರೋ ವಿಮಾನ ಗಾಜಿನ ಮೇಲೆ ಸರಿಯೋದೇ ಇಲ್ಲ, ನೊಣ ಕೂತ ಹಾಗೆ ಒಂದೇ ಜಾಗದಲ್ಲಿರುತ್ತೆ, ಅಲುಗಾಡದೇ ಇರೋದನ್ನ ಕಣ್ಣು ಗಮನಿಸಲ್ಲ, ಕೊನೇ ಕ್ಷಣದಲ್ಲಿ ದಿಢೀರ್ ಅಂತ ದೊಡ್ಡದಾಗುತ್ತೆ. 1978ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಹಾಗೇ ಆಯ್ತು. ಹಗಲು ಹೊತ್ತು, ಒಳ್ಳೇ ಬೆಳಕು, ಇಳಿಯೋಕೆ ಬರ್ತಿದ್ದ ಪ್ರಯಾಣಿಕರ ಜೆಟ್‌ನ ಪೈಲಟ್‌ಗಳು ಪುಟ್ಟ ಸೆಸ್ನಾ ವಿಮಾನ ಹಿಂದಕ್ಕೆ ಹೋಯ್ತು ಅಂದ್ಕೊಂಡ್ರು, ಅದು ಮುಂದೆ ಕೆಳಗಡೆನೇ ಇತ್ತು. ನೆಲದ ಮೇಲಿದ್ದೋರೂ ಸೇರಿ 144 ಜನ ಹೋದ್ರು.

ಅದಕ್ಕೇ ಟಿಕ್ಯಾಸ್. ಎರಡು ವಿಮಾನದ ಯಂತ್ರಗಳು ತಮ್ಮ ತಮ್ಮಲ್ಲೇ ಮಾತಾಡ್ಕೊಂಡು ಒಬ್ಬನಿಗೆ ಹತ್ತು, ಇನ್ನೊಬ್ಬನಿಗೆ ಇಳಿ ಅಂತ ಕೂಗಿ ಹೇಳ್ತವೆ. 2002ರಲ್ಲಿ ಜರ್ಮನಿಯ ಊಬರ್ಲಿಂಗೆನ್ ಮೇಲೆ ಯಂತ್ರ ಹತ್ತು ಅಂತು, ಕಂಟ್ರೋಲರ್ ಇಳಿ ಅಂದ್ರು, ರಷ್ಯಾದ ಪೈಲಟ್ ಕಂಟ್ರೋಲರ್ ಮಾತು ಕೇಳಿದ್ರು, ಎದುರಿನವರು ಯಂತ್ರದ ಮಾತು ಕೇಳಿ ಅವರೂ ಇಳಿದ್ರು, 71 ಜನ, ಅದ್ರಲ್ಲಿ ಮಕ್ಕಳೇ ಹೆಚ್ಚು. ಯಂತ್ರ ಕೂಗಿದ್ರೆ ಕಂಟ್ರೋಲರ್ ಏನೇ ಅಂದ್ರೂ ಯಂತ್ರದ ಮಾತೇ ಕೇಳ್ಬೇಕು ಅನ್ನೋದು ಆಮೇಲೆ ಎಲ್ಲಾ ಕಡೆ ಖಡಕ್ ಆಯ್ತು.

ಆದ್ರೆ ನೆಲದಿಂದ ಸುಮಾರು 1000 ಅಡಿ ಒಳಗೆ ಬಂದ್ಮೇಲೆ ಈ ಹತ್ತು-ಇಳಿ ಆದೇಶ ಬಂದ್ ಆಗುತ್ತೆ, ಇಲ್ಲಾಂದ್ರೆ ಇಳಿ ಇಳಿ ಅಂತ ನೆಲಕ್ಕೇ ಇಳಿಸಿಬಿಡುತ್ತೆ. 2025ರ ಜನವರಿ 29ರ ರಾತ್ರಿ ವಾಷಿಂಗ್ಟನ್‌ನ ರೇಗನ್ ಏರ್‌ಪೋರ್ಟ್ ಹತ್ರ 67 ಜನ ಸತ್ತಿದ್ದು ಅಷ್ಟು ಕೆಳಗೇನೇ. ಸೇನೆಯ ಬ್ಲ್ಯಾಕ್ ಹಾಕ್ ಹೆಲಿಕಾಪ್ಟರ್ ಹೋಗ್ಬೇಕಿದ್ದ ದಾರೀಲಿ ಮಿತಿ 200 ಅಡಿ, ಅದು ಇದ್ದಿದ್ದು 278ರ ಆಸುಪಾಸಲ್ಲಿ, ಮೇಲಿಂದ ಪ್ರಯಾಣಿಕರ ಜೆಟ್ ಇಳೀತಿತ್ತು. ಹೆಲಿಕಾಪ್ಟರಿನವರು ವಿಮಾನ ಕಾಣ್ತಿದೆ ಅಂದಿದ್ರು, ಮತ್ತೆ ಅದೇ ಕಣ್ಣು. ಎರಡೂ ಬೇರೆ ಬೇರೆ ಫ್ರೀಕ್ವೆನ್ಸೀಲಿದ್ದಿದ್ರಿಂದ ಒಬ್ಬರ ಮಾತು ಇನ್ನೊಬ್ರಿಗೆ ಕೇಳಿಸ್ತಾನೂ ಇರ್ಲಿಲ್ಲ. ನನ್ನ ಪ್ರಕಾರ ಇಲ್ಲಿ ಒಬ್ಬ ಪೈಲಟನ್ನ ಬೈಯೋದು ಸುಲಭ, ಆದ್ರೆ ವಿಮಾನ ಇಳಿಯೋ ದಾರಿ ಕೆಳಗೇನೇ ಹೆಲಿಕಾಪ್ಟರ್ ದಾರಿ ಗೆರೆ ಎಳೆದವರು, ಕೆಲವು ಕಡೆ ಮಧ್ಯೆ ಉಳಿಯೋದು ಬರೀ 75 ಅಡಿ ಅಂತ ಲೆಕ್ಕ ಹಾಕಿದ್ರಾ?

ನಮ್ಮ ಬೆಂಗಳೂರಲ್ಲೂ ಒಂದು ಆಯ್ತು, 2022ರ ಜನವರಿ 7ರ ಬೆಳಗ್ಗೆ. ಒಂದು ರನ್‌ವೇ ಹೊರಡೋಕೆ, ಇನ್ನೊಂದು ಇಳಿಯೋಕೆ ಅಂತ ನಡೀತಿತ್ತು, ಮಧ್ಯದಲ್ಲಿ ಒಂದೇ ರನ್‌ವೇ ಸಾಕು ಅಂತ ಪ್ಲಾನ್ ಬದಲಾಯ್ತು, ಆ ಮಾತು ಎಲ್ಲಾ ಟೇಬಲ್ಲಿಗೂ ತಲುಪ್ಲಿಲ್ಲ. ಅಕ್ಕಪಕ್ಕದ ಎರಡು ರನ್‌ವೇಯಿಂದ ಕೋಲ್ಕತ್ತಾಗೆ ಒಂದು, ಭುವನೇಶ್ವರಕ್ಕೆ ಒಂದು, ಹೆಚ್ಚುಕಮ್ಮಿ ಒಟ್ಟಿಗೇ ಎದ್ದು ಒಂದರ ಕಡೆಗೊಂದು ತಿರುಗ್ತಿದ್ವು. ಹವಾಮಾನ ಸರಿ, ವಿಮಾನಗಳು ಸರಿ, ರಾಡಾರೂ ಸರಿ ಇತ್ತು, ತಪ್ಪಿದ್ದು ಪಕ್ಕದ ಕುರ್ಚಿಗೆ ಹೇಳ್ಬೇಕಿದ್ದ ಒಂದು ಮಾತು. ರಾಡಾರ್ ಮುಂದೆ ಕೂತಿದ್ದ ಕಂಟ್ರೋಲರ್ ಎರಡು ಚುಕ್ಕಿ ಹತ್ತಿರ ಆಗ್ತಿರೋದು ನೋಡಿ ಎರಡಕ್ಕೂ ಬೇರೆ ಬೇರೆ ದಿಕ್ಕು ಕೊಟ್ಟು ದೂರ ಮಾಡಿದ್ರು.