ಇಖೆರ್ನೊಫ್ರೆತ್ ಶಿಲಾಫಲಕ ಅಂದ್ರೆ ಅವನ ಸಮಾಧಿ ಕಲ್ಲಾ? ಅದಕ್ಕೆ ಯಾಕೆ ಅಷ್ಟು ಹೆಸರು?

ಸಮಾಧಿ ಕಲ್ಲು ಅಲ್ಲ. ಈಜಿಪ್ಟಿನ ಅಬಿಡೋಸ್‌ನಲ್ಲಿ ಒಸಿರಿಸ್ ದೇವರ ಉತ್ಸವ ಹೋಗೋ ದಾರಿ ಹತ್ರ ದೊಡ್ಡ ಅಧಿಕಾರಿಗಳು ತಮ್ಮ ಹೆಸರಲ್ಲಿ ಚಿಕ್ಕ ಗುಡಿ ಕಟ್ಟಿಸಿ ಇಂಥ ಕಲ್ಲು ನಿಲ್ಲಿಸ್ತಿದ್ರು, ಅವರನ್ನ ಹೂಳ್ತಿದ್ದಿದ್ದು ಬೇರೆ ಕಡೆನೂ ಇರಬಹುದು. ಇಖೆರ್ನೊಫ್ರೆತ್ ಕ್ರಿ.ಪೂ. 19ನೇ ಶತಮಾನದ ರಾಜ ಮೂರನೇ ಸೆನುಸ್ರೆತ್‌ನ ಖಜಾನೆ ಮುಖ್ಯಸ್ಥ, ಫಲಕ ಈಗ ಬರ್ಲಿನ್ ಮ್ಯೂಸಿಯಂನಲ್ಲಿದೆ. ಈಜಿಪ್ಟಿನ ದಕ್ಷಿಣಕ್ಕಿರೋ ನುಬಿಯಾದಿಂದ ತಂದ ಚಿನ್ನದಲ್ಲಿ ಒಸಿರಿಸ್ ವಿಗ್ರಹ ಅಲಂಕಾರ ಮಾಡ್ಸು ಅಂತ ರಾಜ ಕೊಟ್ಟ ಆರ್ಡರನ್ನೇ ಕೆತ್ತಿಸಿದಾನೆ, 26ನೇ ವಯಸ್ಸಿಗೇ ರಾಜನ ಆಪ್ತ ಆಗಿದ್ದನ್ನೂ ಬಿಟ್ಟಿಲ್ಲ (ಜಂಬ ನೋಡಿ!). ಆದ್ರೆ ಹೆಸರು ಬಂದಿರೋದು ಆಮೇಲಿನ ಸಾಲುಗಳಿಂದ, ನೆಶ್ಮೆತ್ ಅನ್ನೋ ಪವಿತ್ರ ದೋಣಿಯಲ್ಲಿ ದೇವರ ಮೆರವಣಿಗೆ, ಅಡ್ಡ ಬಂದ ಶತ್ರುಗಳನ್ನ ಹೊಡೆದು ಓಡಿಸೋದು, ಅಬಿಡೋಸ್ ಹತ್ರದ ಪೆಕೆರ್‌ನಲ್ಲಿರೋ ಒಸಿರಿಸ್ ಸಮಾಧಿಗೆ ಹೋಗಿ ವಾಪಸ್ ಬರೋದು ಎಲ್ಲ ಕ್ರಮವಾಗಿ ಇದೆ. ಪುರಾಣದಲ್ಲಿ ಒಸಿರಿಸ್‌ನ ಅವನ ತಮ್ಮನೇ ಕೊಲ್ತಾನೆ, ಆ ಕೊಲೆ ವಿಷಯ ಮಾತ್ರ ನೇರವಾಗಿ ಎಲ್ಲೂ ಹೇಳಲ್ಲ.